ಕೃಷಿ–ಪರಿಸರ ಭೂಗೋಳದಲ್ಲಿ ಪ್ರಾಧ್ಯಾಪಕರಾಗುವ ದಾರಿ: ಮೊದಲು ಒಂದು ಜಾಗ ಹಿಡಿಯಿರಿ

ಪ್ರಶ್ನೆ: ಭೂಗೋಳದಲ್ಲಿ ಎಂ.ಎ. ಮುಗಿಸುತ್ತಿದ್ದೇನೆ. ಕೃಷಿ ಮತ್ತು ಪರಿಸರದ ಬಗ್ಗೆ ಸಂಶೋಧನೆ ಮಾಡಿ ಮುಂದೆ ಪ್ರಾಧ್ಯಾಪಕನಾಗಬೇಕು ಎಂಬ ಆಸೆಯಿದೆ. "ಕೃಷಿ ವಿಜ್ಞಾನಿಗಳು ಇರುವಾಗ ಭೂಗೋಳದವರಿಗೆ ಅಲ್ಲೇನು ಕೆಲಸ?" ಎಂದು ಮನೆಯಲ್ಲಿ ಕೇಳುತ್ತಾರೆ. ನನಗೂ ಸರಿಯಾದ ಉತ್ತರ ಗೊತ್ತಿಲ್ಲ. ಉಪಗ್ರಹ ಚಿತ್ರ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ, ಜಾಗದ ಮಾಹಿತಿ ಜೋಡಿಸಿ ನೋಡುವ ತಂತ್ರ) ಕಲಿತರೆ ಸಾಕಾ? ಪಿಎಚ್‌ಡಿಯಿಂದ ಪ್ರಾಧ್ಯಾಪಕ ಹುದ್ದೆಯವರೆಗಿನ ದಾರಿ ಹೇಗಿರುತ್ತದೆ? ನಮ್ಮದು ಕೃಷಿ ಕುಟುಂಬ ಅಲ್ಲ. ಅದರಿಂದ ತೊಂದರೆ ಆಗುತ್ತದಾ?

ಉತ್ತರ: ನಿಮ್ಮ ಮನೆಯವರು ಕೇಳಿದ್ದು ಸರಿಯಾಗಿಯೇ ಇದೆ. ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ಅದು ಸ್ಪಷ್ಟವಾದರೆ ಉಳಿದದ್ದರಲ್ಲಿ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಇಳಿಜಾರಿನ ಒಂದು ಹೊಲದಲ್ಲಿ ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಹೋಗುತ್ತಿದೆ ಅಂದುಕೊಳ್ಳಿ. ವರ್ಷಕ್ಕೆ ಎಷ್ಟು ಮಣ್ಣು ಹೋಯಿತು ಎಂದು ಮಣ್ಣು ವಿಜ್ಞಾನಿ ಅಳೆಯುತ್ತಾರೆ. ಅಲ್ಲಿ ಯಾವ ಬೆಳೆ ಹಾಕಿದರೆ ಮಣ್ಣು ನಿಲ್ಲುತ್ತದೆ ಎಂದು ಬೇಸಾಯ ತಜ್ಞರು ಹೇಳುತ್ತಾರೆ. ಭೂಗೋಳದವರು ಕೇಳುವ ಪ್ರಶ್ನೆ ಬೇರೆ. ಈ ಇಳಿಜಾರಿನಲ್ಲೇ ಯಾಕೆ ಹೀಗಾಯಿತು? ಅಂಥದ್ದೇ ಮಣ್ಣು, ಅಷ್ಟೇ ಮಳೆ ಇರುವ ಪಕ್ಕದ ಗುಡ್ಡದಲ್ಲಿ ಯಾಕೆ ಆಗಲಿಲ್ಲ? ಇಲ್ಲಿನ ರೈತರು ಇಷ್ಟು ಕಡಿದಾದ ಜಾಗಕ್ಕೆ ಉಳಲು ಬಂದದ್ದು ಯಾವಾಗ, ಮತ್ತು ಕೆಳಗಿನ ಸಮತಟ್ಟಾದ ಜಮೀನು ಯಾರ ಕೈಯಲ್ಲಿದೆ? ಬದು ಹಾಕಲು ಆಳು ಸಿಗುತ್ತಾರಾ, ಇಲ್ಲ ದುಡಿಯುವ ವಯಸ್ಸಿನವರೆಲ್ಲ ಪೇಟೆಗೆ ಹೋಗಿದ್ದಾರಾ? ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞ ಪಿಯರ್ಸ್ ಬ್ಲೇಕಿ 1985ರಲ್ಲಿ ಈ ದಾರಿಯನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟರು. ಹೊಲದಿಂದ ಶುರುಮಾಡಿ, ಉಳುವವರ ಕಷ್ಟಕ್ಕೆ, ಅಲ್ಲಿಂದ ಭೂಮಿಯ ಹಕ್ಕಿಗೆ, ಮಾರುಕಟ್ಟೆಗೆ, ಸರ್ಕಾರದ ನೀತಿಗೆ ಹೋಗಬೇಕು ಎಂದರು. ಮಣ್ಣಿನ ಸವಕಳಿ ಬರೀ ಮಳೆ–ಇಳಿಜಾರಿನ ಲೆಕ್ಕವಲ್ಲ ಎಂಬುದು ಆಮೇಲೆ ಈ ವಿಷಯದಲ್ಲಿ ಕೆಲಸ ಮಾಡುವವರಿಗೆಲ್ಲ ಪಾಠವಾಯಿತು.

ಇದು ಸಣ್ಣ ವಿಷಯವೇನಲ್ಲ. ಜಗತ್ತಿನಲ್ಲಿ ಮನುಷ್ಯರು ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು 70 ಶೇಕಡಾ ಕೃಷಿಗೇ ಹೋಗುತ್ತದೆ. ಪರಿಸರದ ಬಗ್ಗೆ ಗಂಭೀರವಾಗಿ ಯೋಚಿಸುವವರು ಹೊಲದ ಹತ್ತಿರ ಬರಲೇಬೇಕು.

ಈ ವೃತ್ತಿಯ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಇಲ್ಲಿ ಹೆಸರು ಮಾಡಿದವರಲ್ಲಿ ಜಾಸ್ತಿ ಜನ ಒಂದು ಜಾಗವನ್ನೂ ಒಂದು ಪ್ರಶ್ನೆಯನ್ನೂ ಹಿಡಿದುಕೊಂಡು ವರ್ಷಗಟ್ಟಲೆ ಬಿಡದೆ ಕೂತವರು. ವಿಧಾನಗಳು ಬದಲಾಗುತ್ತಲೇ ಇರುತ್ತವೆ. ಇವತ್ತಿನ ಸಾಫ್ಟ್‌ವೇರ್ ಹತ್ತು ವರ್ಷದ ಮೇಲೆ ಯಾರೂ ಮುಟ್ಟುವುದಿಲ್ಲ. ಆದರೆ ಒಂದು ಊರಿನ ಹೊಲ, ನೀರು, ಮಣ್ಣು, ಜನ ನಿಮಗೆ ಗೊತ್ತು ಅಂದರೆ ಆ ತಿಳಿವಳಿಕೆ ಹಳೆಯದಾಗುವುದಿಲ್ಲ. ವರ್ಷ ಕಳೆದಂತೆ ಅದರ ಬೆಲೆ ಏರುತ್ತದೆ.

ಕೀನ್ಯಾದ ಮಚಾಕೋಸ್ ಇದಕ್ಕೆ ಒಳ್ಳೆಯ ಉದಾಹರಣೆ. ನೈರೋಬಿಯ ಆಗ್ನೇಯಕ್ಕೆ ಇರುವ ಒಣ ಗುಡ್ಡಗಳ ಸೀಮೆ ಅದು. 1930ರ ದಶಕದಲ್ಲಿ ಅಲ್ಲಿ ಮಣ್ಣು ಭಯಂಕರವಾಗಿ ಕೊಚ್ಚಿಹೋಗುತ್ತಿತ್ತು. ಜನ ಜಾಸ್ತಿ, ದನ ಜಾಸ್ತಿ, ಈ ಭೂಮಿಗೆ ಇನ್ನು ಭವಿಷ್ಯವಿಲ್ಲ ಎಂದು ಬ್ರಿಟಿಷ್ ಅಧಿಕಾರಿಗಳು ನಂಬಿದ್ದರು. ಆಗ ಜನಸಂಖ್ಯೆ ಸುಮಾರು 2.4 ಲಕ್ಷ. 1990ರ ಹೊತ್ತಿಗೆ ಅದು ಸುಮಾರು 14 ಲಕ್ಷಕ್ಕೆ ಏರಿತ್ತು. ಹಳೆಯ ನಂಬಿಕೆಯ ಪ್ರಕಾರ ಆ ಗುಡ್ಡಗಳು ಬೋಳಾಗಿ ಕಲ್ಲು ಕಾಣಬೇಕಿತ್ತು. ಆದದ್ದೇ ಬೇರೆ. ಮೇರಿ ಟಿಫನ್, ಮೈಕೆಲ್ ಮಾರ್ಟಿಮೋರ್, ಫ್ರಾನ್ಸಿಸ್ ಗಿಚುಕಿ ಸೇರಿ ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಸವಕಳಿ ಕಡಿಮೆಯಾಗಿತ್ತು, ಮರಗಳು ಹೆಚ್ಚಾಗಿದ್ದವು, ತಲಾವಾರು ಕೃಷಿ ಉತ್ಪನ್ನದ ಮೌಲ್ಯವೂ ಏರಿತ್ತು ಎಂದು ಅವರು ತೋರಿಸಿದರು.

ಹೇಗಾಯಿತು ಇದು? ಹೊಲದಲ್ಲಿ ನಿಂತು ನೋಡಿದರೆ ಉತ್ತರದ ಒಂದು ಭಾಗ ಕಣ್ಣಿಗೇ ಕಾಣುತ್ತದೆ. ಅಲ್ಲಿನ ರೈತರು ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡುತ್ತಾರೆ. ತೋಡಿದ ಮಣ್ಣನ್ನು ಕೆಳಗಡೆ ಸುರಿಯದೆ ಮೇಲ್ಗಡೆಗೆ ಎಸೆದು ಬದು ಮಾಡುತ್ತಾರೆ. ಕೆಳಗೆ ಸುರಿಯುವುದಕ್ಕಿಂತ ಇದಕ್ಕೆ ಶ್ರಮ ಜಾಸ್ತಿ. ಆದರೆ ಮಳೆಗೆ ಹರಿದು ಬರುವ ಮಣ್ಣು ಆ ಬದುವಿಗೆ ಸಿಕ್ಕಿ ನಿಲ್ಲುತ್ತದೆ. ವರ್ಷ ವರ್ಷ ನಿಂತು ನಿಂತು ಇಳಿಜಾರು ನಿಧಾನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಮವಾಗುತ್ತದೆ. ಬದುವಿನ ಮೇಲೆ ಹುಲ್ಲು ಬೆಳೆಸಿದರೆ ದನಕ್ಕೆ ಮೇವೂ ಆಯಿತು. ಇನ್ನೊಂದು ಭಾಗ ಹೊಲದಲ್ಲಿ ಕಾಣುವುದಿಲ್ಲ. ಹತ್ತಿರದಲ್ಲೇ ನೈರೋಬಿಯ ಮಾರುಕಟ್ಟೆ ಇತ್ತು. ಪೇಟೆಯಲ್ಲಿ ದುಡಿದವರು ಮನೆಗೆ ಕಳಿಸಿದ ದುಡ್ಡು ಇತ್ತು. ಕಾಫಿ ಬೆಳೆಯಿಂದ ಆದಾಯ ಬಂತು. ಹೆಂಗಸರು ಗುಂಪು ಕಟ್ಟಿಕೊಂಡು ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರು. ಜಮೀನು ನಮ್ಮದೇ, ನಾಳೆಯೂ ನಮ್ಮದೇ ಎಂಬ ಭರವಸೆಯೂ ಇತ್ತು.

ಈ ಅಧ್ಯಯನದ ಬಗ್ಗೆ ತಕರಾರುಗಳೂ ಬಂದವು, ಅವನ್ನೂ ನೀವು ಓದಬೇಕು. ಸರಾಸರಿ ಚೆನ್ನಾಗಿದ್ದರೂ ಬಡವರಿಗೂ ಉಳ್ಳವರಿಗೂ ನಡುವಿನ ಅಂತರ ಹೆಚ್ಚಿತ್ತು ಎಂದು ಕೆಲವರು ತೋರಿಸಿದರು. ನಗರದಿಂದ ದೂರ ಇರುವ ಜಾಗದಲ್ಲಿ ಇದೇ ಕತೆ ನಡೆಯುತ್ತದೆ ಎನ್ನಲಾಗದು ಎಂದರು. ಇವು ನ್ಯಾಯವಾದ ಮಾತುಗಳೇ. ಆದರೆ ಗಮನಿಸಿ, ಈ ಚರ್ಚೆ ನಡೆಯಲು ಸಾಧ್ಯವಾದದ್ದೇ 1930ರಿಂದ 1990ರವರೆಗೆ ಒಂದೇ ಜಾಗದ ದಾಖಲೆ ಜೋಡಿಸಿದ್ದರಿಂದ. ಹಳೆಯ ವರದಿ, ವೈಮಾನಿಕ ಚಿತ್ರ, ಮಳೆ ಲೆಕ್ಕ, ಹಿರಿಯರ ನೆನಪು ಎಲ್ಲವನ್ನೂ ಸೇರಿಸಿದ್ದರು. ಹಳೆಯ ಫೋಟೋ ತೆಗೆದ ಜಾಗಕ್ಕೇ ಹೋಗಿ ಮತ್ತೆ ಫೋಟೋ ತೆಗೆದು ಪಕ್ಕಪಕ್ಕ ಇಟ್ಟಿದ್ದರು. ಮಾರ್ಟಿಮೋರ್ ಅದಕ್ಕೂ ಮೊದಲು ಬಹಳ ವರ್ಷ ಉತ್ತರ ನೈಜೀರಿಯಾದಲ್ಲಿ ಪಾಠ ಮಾಡುತ್ತಾ, ಅಲ್ಲಿನ ಒಣಭೂಮಿ ಬೇಸಾಯ ನೋಡಿದ್ದ ಭೂಗೋಳಶಾಸ್ತ್ರಜ್ಞ. ಆ ಅನುಭವ ಇಲ್ಲದಿದ್ದರೆ ಈ ಪ್ರಶ್ನೆ ಅವರಿಗೆ ಹೊಳೆಯುತ್ತಿತ್ತೇ? ನನಗಂತೂ ಅನುಮಾನ.

ಒಂದೇ ಜಾಗ ಅಂದರೆ ಜೀವನವಿಡೀ ಅದೇ ಪೇಪರ್ ಬರೆಯುವುದು ಅಂತಲ್ಲ. ಅಮೆರಿಕದ ಭೂಗೋಳಶಾಸ್ತ್ರಜ್ಞೆ ಜೂಡಿತ್ ಕಾರ್ನಿ ಅವರ ಕೆಲಸ ನೋಡಿ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಭತ್ತ ಹೆಂಗಸರ ಬೆಳೆ. 1980ರ ದಶಕದಲ್ಲಿ ಅಲ್ಲಿ ದೊಡ್ಡ ನೀರಾವರಿ ಯೋಜನೆ ಬಂತು. ವರ್ಷಕ್ಕೆ ಎರಡು ಬೆಳೆ ತೆಗೆಯುವ ಉದ್ದೇಶ. ಜಮೀನು ಹೆಂಗಸರಿಗೇ ಸೇರಬೇಕು ಎಂಬ ಮಾತೂ ಇತ್ತು. ಅಲ್ಲಿನ ಪದ್ಧತಿಯಲ್ಲಿ ಎರಡು ಬಗೆಯ ಹೊಲ ಇರುತ್ತದೆ. ಒಂದು ಇಡೀ ಮನೆಗೆ ಸೇರಿದ್ದು, ಅದರಲ್ಲಿ ಎಲ್ಲರೂ ದುಡಿಯಬೇಕು, ಬೆಳೆ ಮನೆಯ ಯಜಮಾನನ ಕೈಗೆ ಹೋಗುತ್ತದೆ. ಇನ್ನೊಂದು ಒಬ್ಬರ ಸ್ವಂತದ್ದು, ಅದರ ಬೆಳೆ ಬೆಳೆದವರಿಗೇ. ನೀರಾವರಿ ಬಂದ ಮೇಲೆ ಹೊಸ ಗದ್ದೆಗಳೆಲ್ಲ ಮನೆಯ ಹೊಲದ ಲೆಕ್ಕಕ್ಕೆ ಸೇರಿಬಿಟ್ಟವು. ಹೆಂಗಸರಿಗೆ ಎರಡು ಹಂಗಾಮಿನ ದುಡಿಮೆ ಬಂತು, ಸ್ವಂತದ ಫಸಲು ಹೋಯಿತು. ಅವರಲ್ಲಿ ಹಲವರು ದುಡಿಯಲು ಒಪ್ಪಲಿಲ್ಲ, ಕೂಲಿ ಕೊಡಿ ಎಂದು ಕೂತರು. ಬರೀ ಇಳುವರಿಯ ಅಂಕಿ ನೋಡುವವರಿಗೆ ಈ ಯೋಜನೆ ಯಾಕೆ ಅಂದುಕೊಂಡಂತೆ ನಡೆಯಲಿಲ್ಲ ಎಂದು ಎಂದೂ ಅರ್ಥವಾಗುವುದಿಲ್ಲ. ಗದ್ದೆಯಲ್ಲಿ ನಿಂತು "ಈ ಪೈರು ಯಾರದ್ದು?" ಎಂದು ಕೇಳಿದವರಿಗೆ ಅರ್ಥವಾಗುತ್ತದೆ.

ಅಲ್ಲಿಂದ ಕಾರ್ನಿಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಈ ಹೆಂಗಸರಿಗೆ ಇಷ್ಟು ಸೂಕ್ಷ್ಮವಾಗಿ ಭತ್ತ ಬೆಳೆಯಲು ಗೊತ್ತಿದ್ದರೆ, ಗುಲಾಮರಾಗಿ ಅಮೆರಿಕಕ್ಕೆ ಒಯ್ದವರ ಜೊತೆ ಈ ವಿದ್ಯೆಯೂ ಹೋಗಿರಬೇಕಲ್ಲ? ದಕ್ಷಿಣ ಕೆರೊಲಿನಾದ ಭತ್ತದ ತೋಟಗಳ ಇತಿಹಾಸವನ್ನು ಈ ಕಣ್ಣಿನಿಂದ ನೋಡಿ 2001ರಲ್ಲಿ ಅವರು ಪುಸ್ತಕ ತಂದರು. 2007ರಲ್ಲಿ ಕೆಲವು ಇತಿಹಾಸಕಾರರು ಗುಲಾಮರನ್ನು ಸಾಗಿಸಿದ ಹಡಗುಗಳ ದಾಖಲೆ ಮುಂದಿಟ್ಟು ಅದನ್ನು ಬಲವಾಗಿ ಪ್ರಶ್ನಿಸಿದರು. ಪಿಎಚ್‌ಡಿ ಕಾಲದ ಒಂದು ಗದ್ದೆಯ ಜಗಳದಿಂದ ಎರಡು ಖಂಡಗಳ ಇತಿಹಾಸದ ಚರ್ಚೆವರೆಗೆ ಬೆಳೆದ ಕೆಲಸ ಅದು. ಒಳ್ಳೆಯ ಪ್ರಶ್ನೆ ಹೀಗೆ ತಾನೇ ಬೆಳೆಯುತ್ತದೆ.

ಈಗ ಜಿಐಎಸ್ ವಿಷಯ. ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ 1972ರಲ್ಲಿ ಹಾರಿತು. ಆ ಸರಣಿಯ ಚಿತ್ರಗಳನ್ನು 2008ರಲ್ಲಿ ಎಲ್ಲರಿಗೂ ಉಚಿತ ಮಾಡಿದರು. ಆಮೇಲೆ ಈ ಕ್ಷೇತ್ರದ ಮುಖವೇ ಬದಲಾಯಿತು. ಮೊದಲು ಒಂದೊಂದು ಚಿತ್ರಕ್ಕೂ ದುಡ್ಡು ಹೊಂದಿಸಬೇಕಿತ್ತು, ಈಗ ದಶಕಗಳ ಸರಣಿಯನ್ನೇ ಕೂತಲ್ಲಿ ನೋಡಬಹುದು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಕಿರಣವನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಈ ಎರಡರ ವ್ಯತ್ಯಾಸ ಹಿಡಿದರೆ ಎಲ್ಲಿ ಹಸಿರು ದಟ್ಟವಾಗಿದೆ, ಯಾವ ವಾರದಿಂದ ಬಾಡತೊಡಗಿತು ಎಂದು ಗೊತ್ತಾಗುತ್ತದೆ.

ಆದರೆ ಸಾಕಾ ಎಂದು ಕೇಳಿದಿರಿ. ಸಾಲದು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 30 ಮೀಟರ್‌ಗೆ 30 ಮೀಟರ್. ಅಂದರೆ 900 ಚದರ ಮೀಟರ್, ಹೆಚ್ಚುಕಡಿಮೆ 9 ಗುಂಟೆ. ಸಣ್ಣ ಹಿಡುವಳಿಯ ಸೀಮೆಯಲ್ಲಿ ಅಷ್ಟರೊಳಗೆ ಎರಡು ಬೆಳೆ, ಒಂದು ಬದು, ನಾಲ್ಕು ಮರ ಎಲ್ಲ ಬೆರೆತುಹೋಗಿರುತ್ತದೆ. 2015ರಿಂದ ಬರುತ್ತಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಚೌಕ 10 ಮೀಟರ್‌ಗೆ ಇಳಿದಿದೆ, ತುಂಬ ಉಪಕಾರವಾಗಿದೆ. ಆದರೂ ಮೋಡ ಕವಿದ ಮಳೆಗಾಲದಲ್ಲಿ, ನಿಮಗೆ ತೀರಾ ಬೇಕಾದ ವಾರಗಳಲ್ಲೇ, ಚಿತ್ರ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಹೊಲ ಬೀಳು ಬಿದ್ದಿದೆ ಎಂದು ಚಿತ್ರ ಹೇಳುತ್ತದೆ. ಮಣ್ಣಿಗೆ ಸಾರ ಬರಲಿ ಎಂದು ಬಿಟ್ಟರಾ, ಬೀಜಕ್ಕೆ ದುಡ್ಡಿಲ್ಲದೆ ಬಿಟ್ಟರಾ, ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿನಲ್ಲಿದೆಯಾ, ಅದನ್ನು ಹೇಳುವುದಿಲ್ಲ.

ಹಾಗೆಂದು ಮೇಲಿನಿಂದ ನೋಡುವುದನ್ನು ಕಡೆಗಣಿಸಬೇಡಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಭೂಗೋಳಶಾಸ್ತ್ರಜ್ಞ ವಿಲಿಯಂ ಡೆನೆವನ್ ದಕ್ಷಿಣ ಅಮೆರಿಕದ ಬೊಲಿವಿಯಾದ ಯಾನೋಸ್ ದೆ ಮೊಹೋಸ್ ಎಂಬ ಹುಲ್ಲುಗಾವಲನ್ನು ಅಧ್ಯಯನ ಮಾಡಿದರು. ವರ್ಷದಲ್ಲಿ ಕೆಲವು ತಿಂಗಳು ನೀರು ನಿಲ್ಲುವ ಜಾಗ. ಬೇಸಾಯಕ್ಕೆ ಆಗದ್ದು ಎಂದೇ ಎಲ್ಲರ ಎಣಿಕೆ. ಆಕಾಶದಿಂದ ನೋಡಿದರೆ ಅಲ್ಲಿ ಸಾವಿರಾರು ಎತ್ತರಿಸಿದ ಪಟ್ಟಿಗಳು, ಏರಿಗಳು. ಯುರೋಪಿನವರು ಬರುವ ಮೊದಲೇ ಅಲ್ಲಿ ಜನ ಮಣ್ಣು ಎತ್ತಿ ಹಾಕಿ, ನೀರಿನ ಮಟ್ಟಕ್ಕಿಂತ ಮೇಲೆ ಬೆಳೆ ತೆಗೆದಿದ್ದರು. ಮೇಲಿನಿಂದ ಕಂಡಿತು, ಕೆಳಗೆ ಹೋಗಿ ಅಳೆದಾಗ ಸಾಬೀತಾಯಿತು. ಎರಡೂ ಬೇಕು ಅನ್ನುವುದು ಇದಕ್ಕೇ.

ಇನ್ನು ದಾರಿಯ ಹಂತಗಳು. ಕಾಗದದ ಮೇಲೆ ಸರಳ: ಪಿಎಚ್‌ಡಿ, ಅದಾದ ಮೇಲೆ ಒಂದೆರಡು ಕಡೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ. ದೇಶದಿಂದ ದೇಶಕ್ಕೆ ಹೆಸರು, ನಿಯಮ ಬೇರೆ. ಯುರೋಪಿನ ಹಲವು ಕಡೆ ಪಿಎಚ್‌ಡಿ 3–4 ವರ್ಷ. ಅಮೆರಿಕದಲ್ಲಿ 5–6 ವರ್ಷ ಹಿಡಿಯುತ್ತದೆ, ಕೆಲಸ ಸಿಕ್ಕ ಮೇಲೆ ಅದು ಕಾಯಂ ಆಗಲು ಮತ್ತೆ ಸುಮಾರು ಆರು ವರ್ಷ ಬೇಕು.

ನಮ್ಮ ವಿಷಯದಲ್ಲಿ ಪಿಎಚ್‌ಡಿಯ ಕ್ಯಾಲೆಂಡರ್ ಬರೆಯುವುದು ವಿಶ್ವವಿದ್ಯಾಲಯವಲ್ಲ, ಮಳೆ. ಬಿತ್ತನೆ ನೋಡಬೇಕು ಅಂದರೆ ಬಿತ್ತನೆಯ ವಾರಕ್ಕೇ ಅಲ್ಲಿರಬೇಕು. ಅನುಮತಿ ಪತ್ರ ಬರಲಿಲ್ಲ, ದುಡ್ಡು ಬರಲಿಲ್ಲ ಎಂದು ಒಂದು ತಿಂಗಳು ತಡವಾದರೆ ಒಂದು ತಿಂಗಳಲ್ಲ, ಒಂದು ವರ್ಷವೇ ಹೋಯಿತು. ಹಾಗಾಗಿ ಮೊದಲ ವರ್ಷವೇ ಒಮ್ಮೆ ಹೋಗಿ ಬನ್ನಿ. ದೊಡ್ಡ ಸಮೀಕ್ಷೆ ಬೇಡ. ಸುಮ್ನೆ ಹೊಲದಲ್ಲಿ ಓಡಾಡಿ, ಪ್ರಶ್ನಾವಳಿಯನ್ನು ನಾಲ್ಕಾರು ಮನೆಯಲ್ಲಿ ಕೇಳಿ ನೋಡಿ. ಸಂದರ್ಶನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ. ಎರಡು ಹಂಗಾಮಾದರೂ ನೋಡದೆ ಪ್ರಬಂಧ ಬರೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಂದೇ ವರ್ಷ ನೋಡಿದರೆ ಅದು ಬರದ ವರ್ಷವೋ ಒಳ್ಳೆಯ ವರ್ಷವೋ ನಿಮಗೆ ತಿಳಿಯುವುದೇ ಇಲ್ಲ.

ಹೊಲದಲ್ಲಿ ಕೇಳುವುದೂ ಒಂದು ಕಸುಬು. "ಎಷ್ಟು ಜಮೀನಿದೆ?" ಎಂದು ಮೊದಲ ದಿನವೇ ಕೇಳಿದರೆ ತೆರಿಗೆಯವರೋ ಸರ್ಕಾರದವರೋ ಎಂದು ಜನ ಕಡಿಮೆ ಹೇಳುತ್ತಾರೆ. ಮನೆಯ ಜಗಲಿಯಲ್ಲಿ ಕೂತು ಕೇಳುವುದಕ್ಕಿಂತ ಹೊಲದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅವರ ಜೊತೆ ನಡೆಯಿರಿ. ನಡೆಯುವಾಗ ಮಾತು ತಾನಾಗಿ ಬರುತ್ತದೆ: ಇಲ್ಲಿ ನೀರು ನಿಲ್ಲುತ್ತದೆ, ಆ ಮೂಲೆಗೆ ಗೊಬ್ಬರ ಹಾಕುವುದಿಲ್ಲ, ಈ ಬದು ನಮ್ಮಪ್ಪ ಹಾಕಿದ್ದು. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ದೊಡ್ಡ ಬರಕ್ಕೆ ಮೊದಲೋ ಆಮೇಲೋ, ಮಗಳು ಹುಟ್ಟಿದ್ದಳಾ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಗಂಡಸರನ್ನು ಕೇಳಿದ್ದನ್ನೇ ಹೆಂಗಸರನ್ನೂ ಬೇರೆಯಾಗಿ ಕೇಳಿ. ಎರಡು ಉತ್ತರ ಹೊಂದದಿದ್ದರೆ ಬೇಜಾರು ಬೇಡ, ಮುಂದಿನ ಪ್ರಶ್ನೆ ಸಿಗುವುದು ಅಲ್ಲೇ.

ಆಮೇಲಿನ ಕಷ್ಟ ಪೇಪರ್‌ಗಳದ್ದು. ಕೆಲಸಕ್ಕೆ ಅರ್ಜಿ ಹಾಕುವಾಗ ಎಷ್ಟು ಪ್ರಕಟವಾಗಿದೆ ಎಂದು ಎಣಿಸುತ್ತಾರೆ. ನಿಮ್ಮ ಮಾಹಿತಿಯೋ ನಿಧಾನಕ್ಕೆ ಬರುವಂಥದ್ದು. ಇದು ನಿಜವಾದ ಇಕ್ಕಟ್ಟು, ಮುಚ್ಚಿಡುವುದಿಲ್ಲ. ಇದನ್ನು ದಾಟಲು ಜನ ಮಾಡುವುದು ಏನೆಂದರೆ, ದೊಡ್ಡ ಪ್ರಶ್ನೆಯ ತುಂಡುಗಳನ್ನು ಪೂರ್ತಿಯಾಗಿ ಮುಗಿಸಿ ಪ್ರಕಟಿಸುವುದು. ಆ ಜಾಗದ ಭೂಬಳಕೆಯ ಇತಿಹಾಸವೇ ಒಂದು ಪೇಪರ್. ಉಪಗ್ರಹ ಚಿತ್ರ ಮತ್ತು ನೆಲದ ಅಳತೆ ಎಷ್ಟು ಹೊಂದುತ್ತವೆ ಎಂಬುದು ಇನ್ನೊಂದು. ಮಣ್ಣು, ನೀರಿನ ತಜ್ಞರ ಜೊತೆ ಸೇರಿ ಬರೆಯುವುದು ಮತ್ತೊಂದು. ದೂರದ ಹತ್ತು ವಿಷಯಗಳ ಮೇಲೆ ಚದುರಿದ ಪೇಪರ್‌ಗಳಿಗಿಂತ ಒಂದೇ ಜಾಗದ ಸುತ್ತ ಇರುವ ಐದು ಪೇಪರ್ ಓದಿದಾಗ ಆಯ್ಕೆ ಸಮಿತಿಗೆ ನೀವು ಯಾರು ಎಂದು ಗೊತ್ತಾಗುತ್ತದೆ.

ಹುದ್ದೆಗಳು ಕಡಿಮೆ, ಅರ್ಜಿ ಜಾಸ್ತಿ. ವರ್ಷಕ್ಕೊಮ್ಮೆ ನವೀಕರಣವಾಗುವ ತಾತ್ಕಾಲಿಕ ಕೆಲಸದಲ್ಲೇ ಹಲವು ವರ್ಷ ಕಳೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮನೆಯ ಪರಿಸ್ಥಿತಿ ನೋಡಿಕೊಂಡು ಎಷ್ಟು ವರ್ಷ ಕಾಯಬಲ್ಲೆ ಎಂದು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇದೇ ತರಬೇತಿ ಇರುವವರು ಬೆಳೆ ವಿಮೆ, ಜಲಾನಯನ ಯೋಜನೆ, ದೂರಸಂವೇದಿ ಕೇಂದ್ರ, ಅಂತರರಾಷ್ಟ್ರೀಯ ಆಹಾರ–ಕೃಷಿ ಸಂಸ್ಥೆಗಳಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಅದನ್ನು ಸೋಲು ಅಂದುಕೊಳ್ಳಬಾರದು.

ಪ್ರಾಧ್ಯಾಪಕರಾದ ಮೇಲೆ ಸ್ವಂತ ಸಂಶೋಧನೆಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಪಾಠ, ಪರೀಕ್ಷೆ, ಸಮಿತಿ, ಅನುದಾನದ ಅರ್ಜಿ, ಬೇರೆಯವರ ಪೇಪರ್ ಓದಿ ಅಭಿಪ್ರಾಯ ಕೊಡುವುದು. ಆದರೆ ಆಗಲೇ ಸಮಾಜಕ್ಕೆ ಮಾತು ತಲುಪಿಸುವ ಅವಕಾಶವೂ ಸಿಗುತ್ತದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ, ಪ್ರವಾಹಕ್ಕೆ ಬರೀ ಅಣೆಕಟ್ಟು–ಒಡ್ಡು ಕಟ್ಟುತ್ತಾ ಹೋದರೆ ನಷ್ಟ ತಪ್ಪುವುದಿಲ್ಲ, ನದಿಯ ಬಯಲಿನಲ್ಲಿ ಜನ ಏನು ಕಟ್ಟುತ್ತಾರೆ, ಏನು ಬೆಳೆಯುತ್ತಾರೆ ಎಂಬುದನ್ನೂ ನೋಡಬೇಕು ಎಂದರು. ಅದೇ ಪ್ರಶ್ನೆಯನ್ನು ಅವರು ಷಿಕಾಗೊದಲ್ಲಿ, ಆಮೇಲೆ ಕೊಲೊರಾಡೊದಲ್ಲಿ ಬಿಡದೆ ಮುಂದುವರಿಸಿದರು. ಅಮೆರಿಕದ ಪ್ರವಾಹ ನೀತಿಯ ಮೇಲೆ ಅದರ ಪ್ರಭಾವ ದೊಡ್ಡದು. ನಿಮ್ಮ ಮಟ್ಟದಲ್ಲಿ ಇದು ಇನ್ನೂ ಸರಳವಾಗಿ ಶುರುವಾಗಬಹುದು: ಮಣ್ಣು ಪರೀಕ್ಷೆಯ ಫಲಿತಾಂಶವನ್ನು ಆ ಮಣ್ಣು ಕೊಟ್ಟವರಿಗೆ, ಅವರ ಭಾಷೆಯಲ್ಲಿ, ಮುಂದಿನ ಬಿತ್ತನೆಗೆ ಮೊದಲು ತಲುಪಿಸಿ. ಎಷ್ಟೋ ಸಂಶೋಧಕರು ಇದನ್ನು ಮಾಡುವುದೇ ಇಲ್ಲ. ನನಗೆ ಅದನ್ನು ನೋಡಿದರೆ ನಿಜಕ್ಕೂ ನೋವಾಗುತ್ತದೆ.

ಕೊನೆಯ ಪ್ರಶ್ನೆ, ಕೃಷಿ ಕುಟುಂಬದವರಲ್ಲ ಅಂದಿರಿ. ಅದರಿಂದ ತೊಂದರೆಯಿಲ್ಲ. ಹೊಲದಲ್ಲೇ ಬೆಳೆದವರಿಗೆ ಕೆಲವು ಸಂಗತಿಗಳು ಎಷ್ಟು ಸಹಜ ಅಂದರೆ ಅವುಗಳ ಬಗ್ಗೆ ಕೇಳಬೇಕು ಎಂದೇ ತೋಚುವುದಿಲ್ಲ. ಹೊರಗಿನವರು ಕೇಳಿಬಿಡುತ್ತಾರೆ. ಆದರೆ ಒಂದು ಪೂರ್ತಿ ಹಂಗಾಮು, ಉಳುಮೆಯಿಂದ ಒಕ್ಕಣೆವರೆಗೆ, ಒಬ್ಬ ರೈತರ ಜೊತೆ ಕೆಲಸ ಮಾಡಿ. ಮಣ್ಣಿಗೆ ಆ ಜಾಗದವರು ಇಟ್ಟ ಹೆಸರುಗಳನ್ನು ಕಲಿಯಿರಿ. ಬಿತ್ತುವ ಮೊದಲು ಮಣ್ಣನ್ನು ಕೈಯಲ್ಲಿ ಹಿಡಿದು ಹದ ನೋಡುವುದು ಹೇಗೆ ಎಂದು ತೋರಿಸಿಕೊಡಲು ಹೇಳಿ.

ಗೈಡ್ ಹುಡುಕಲು ಹೊರಡುವ ಮೊದಲು ಒಂದು ಪುಟ ಬರೆದಿಟ್ಟುಕೊಳ್ಳಿ. ಯಾವ ಜಾಗ, ಅಲ್ಲಿ ಏನು ಬದಲಾಗುತ್ತಿದೆ, ಅದರ ಬಗ್ಗೆ ಈಗಾಗಲೇ ಏನು ಗೊತ್ತಿದೆ, ಮೊದಲ ಹಂಗಾಮಿನಲ್ಲಿ ಏನು ಅಳೆಯುತ್ತೀರಿ, ಯಾರನ್ನು ಕೇಳುತ್ತೀರಿ, ಇಷ್ಟು ಸಾಕು. ಆ ಪುಟ ಓದಿ ನಿಮ್ಮನ್ನೇ ಪ್ರಶ್ನೆ ಕೇಳತೊಡಗುವ ಗೈಡ್ ಸಿಕ್ಕರೆ ಅವರ ಹತ್ತಿರ ಸೇರಿಕೊಳ್ಳಿ. ಜಾಗ ಇನ್ನೂ ಗೊತ್ತಾಗಿಲ್ಲ ಅಂದರೆ, ಎಂ.ಎ. ಕಿರುಪ್ರಬಂಧಕ್ಕೇ ಒಂದು ಸಣ್ಣ ಹಳ್ಳದ ಜಲಾನಯನ ಆರಿಸಿಕೊಂಡು ಮುಂದಿನ ಬಿತ್ತನೆಗೇ ಕೆಲಸ ಶುರುಮಾಡಬಹುದು.